ಪೆಟ್ಟಿಗೆಯಲ್ಲಿ ಬಾರದ ಬಾಗು

ಮನೆಗೆ ಬಂದವರು ಕಿಟಕಿಯ ಬಳಿ ಮೇಜಿನ ಮೇಲಿರುವ ಮರದ ಹಡಗನ್ನು ಕಂಡ ಕೂಡಲೇ, 'ಇದನ್ನು ನೀವೇ ಮಾಡಿದ್ದಾ?' ಎಂದು ಕೇಳುತ್ತಾರೆ. ಹೌದೆಂದರೆ ಮೆಚ್ಚಿಕೊಳ್ಳುತ್ತಾರೆ, ಮಾದರಿ ಹಡಗಿನ ಬಿಡಿ ತುಂಡುಗಳನ್ನು ಕಂಪನಿಯವರು ಪೆಟ್ಟಿಗೆಯಲ್ಲಿ ಕೊಡುವ ಕಿಟ್ ತರಿಸಿ ಮಾಡಿದ್ದು ಎಂದು ಸೇರಿಸಿದರೆ ಆ ಮೆಚ್ಚುಗೆ ಸ್ವಲ್ಪ ಇಳಿಯುತ್ತದೆ. ಕಳೆದ ಬೇಸಿಗೆಯಲ್ಲಿ ಊರಿನಿಂದ ಇಂಗ್ಲೆಂಡಿಗೆ ಬಂದು ನಮ್ಮ ಮನೆಯಲ್ಲಿ ಕೆಲವು ವಾರ ಇದ್ದ ಸೋದರಮಾವ ಮಾತ್ರ ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟರು: 'ತುಂಡುಗಳನ್ನೆಲ್ಲ ಅವರೇ ಕತ್ತರಿಸಿ ಕೊಟ್ಟಿದ್ದಾರೆ, ನಕ್ಷೆಯೂ ಅವರದ್ದೇ. ಹಾಗಾದರೆ ಇದರಲ್ಲಿ ನೀನು ಮಾಡಿದ್ದು ಎಂತ ಮಾರಾಯ?' ಅವರು ಕುಂದಾಪುರದ ಕಡೆ ದಶಕಗಳ ಕಾಲ ಸಾಮಿಲ್ ನಡೆಸಿದವರು. ಮರವನ್ನು ಯಾರು ಏನು ಮಾಡುತ್ತಾರೆ ಎಂದು ತಿಳಿದುಕೊಳ್ಳುವ ಆಸಕ್ತಿಯಿಂದಲೇ ಕೇಳಿದ್ದರು. ಆಗ ಏನೋ ಒಂದು ಉತ್ತರ ಕೊಟ್ಟೆ. ಪ್ರಶ್ನೆ ಮಾತ್ರ ತಲೆಯಿಂದ ಹೋಗಲಿಲ್ಲ. ಹಡಗಿನ ಕಿಟ್‌ಗಳ ಜೊತೆ ಇಷ್ಟು ವರ್ಷ ಸಂಜೆಗಳನ್ನು ಕಳೆದವನು ಅದಕ್ಕೆ ಸರಿಯಾದ ಉತ್ತರವನ್ನು ತನಗಾದರೂ ಕೊಟ್ಟುಕೊಳ್ಳಬೇಕು ಎನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಮೇಜಿನ ಮೇಲಿರುವುದು ಬ್ಲೂನೋಸ್ ಎಂಬ ಎರಡು ಹಾಯಿಕಂಬಗಳ ಸ್ಕೂನರ್. ಕೆನಡಾದ ನೋವಾ ಸ್ಕೋಶಿಯಾದ ಲೂನೆನ್‌ಬರ್ಗ್‌ನಲ್ಲಿ 1921ರ ಮಾರ್ಚ್ 26ರಂದು ನೀರಿಗಿಳಿದ ಅದನ್ನು ದೂರದ ಕಡಲಿನಲ್ಲಿ ಕಾಡ್ ಮೀನು ಹಿಡಿಯಲೆಂದೇ ಕಟ್ಟಿದ್ದರು. ಅದೇ ವರ್ಷ ಅದು ಮೀನುಗಾರಿಕೆಯ ಹಾಯಿಹಡಗುಗಳ ಅಂತಾರಾಷ್ಟ್ರೀಯ ಪಂದ್ಯವನ್ನೂ ಗೆದ್ದಿತು. 1937ರಿಂದ ಕೆನಡಾದ ಹತ್ತು ಸೆಂಟಿನ ನಾಣ್ಯದ ಮೇಲಿರುವ ಹಡಗು ಅದೇ; ನಿಜವಾದ ಹಡಗು 1946ರಲ್ಲಿ ಹೈಟಿಯ ಬಳಿ ಹವಳದ ದಿಬ್ಬಕ್ಕೆ ಸಿಕ್ಕು ಒಡೆದುಹೋಯಿತು. ಈ ಹವ್ಯಾಸದವರಲ್ಲಿ ಹೆಚ್ಚಿನವರು ವಿಕ್ಟರಿ, ಬೌಂಟಿ, ಕಟ್ಟಿ ಸಾರ್ಕ್, ವಾಸಾ ಮುಂತಾದ ಹೆಸರಾಂತ ಹಡಗುಗಳ ಕಡೆ ಹೋಗುತ್ತಾರೆ. ಮೀನುಗಾರಿಕೆಯ ಊರಿನಲ್ಲಿ ಬೆಳೆದ ನನಗೆ ನೂರು ಫಿರಂಗಿಗಳ ಯುದ್ಧನೌಕೆಗಿಂತ ಮೀನು ತುಂಬಿಕೊಂಡು ದಡಕ್ಕೆ ಬರುತ್ತಿದ್ದ ಹಡಗು ಹೆಚ್ಚು ಹತ್ತಿರದ್ದೆನಿಸಿತು.

ಕಿಟ್‌ನ ಪೆಟ್ಟಿಗೆಯನ್ನು ಮೊದಲ ಬಾರಿ ತೆರೆದಾಗ ಅದರೊಳಗೆ ಹಡಗಿನ ಸುಳಿವೇ ಕಾಣುವುದಿಲ್ಲ. ಲೇಸರ್‌ನಿಂದ ಕತ್ತರಿಸಿದ ತೆಳುವಾದ ಮರದ ಹಾಳೆಗಳು. ಅವುಗಳಲ್ಲಿ ಹಡಗಿನ ಉದ್ದಕ್ಕೂ ಹೋಗುವ ನಡುಪಟ್ಟಿ ಮತ್ತು ಅದರ ಕಚ್ಚುಗಳಲ್ಲಿ ಅಡ್ಡಲಾಗಿ ಕೂರುವ, ಒಡಲಿನ ಅಡ್ಡಸೀಳಿನ ಆಕಾರದ ಬಲ್ಕ್‌ಹೆಡ್‌ಗಳು. ಅಮೆರಿಕದ ಬಾಸ್‌ವುಡ್ ಮರದ ಉದ್ದನೆಯ ಪಟ್ಟಿಗಳ ಒಂದು ಕಟ್ಟು, ಪ್ರತಿಯೊಂದೂ ಒಂದೂವರೆ ಮಿಲಿಮೀಟರ್‌ನಷ್ಟು ದಪ್ಪ. ಹಾಯಿಕಂಬಗಳಿಗೆ ದುಂಡನೆಯ ಕೋಲುಗಳು, ಹಿತ್ತಾಳೆ ತಂತಿ, ಲೋಹದ ಎರಕದ ಸಣ್ಣ ಸಾಮಾನುಗಳು, ಎರಡು ಬಣ್ಣದ ದಾರದ ಉಂಡೆಗಳು, ಮಡಿಸಿಟ್ಟ ನಕ್ಷೆಗಳು, ಒಂದು ಪುಸ್ತಿಕೆ. ಎಲ್ಲವೂ ಚಪ್ಪಟೆ, ಇಲ್ಲವೇ ನೇರ. ಬಲ್ಕ್‌ಹೆಡ್‌ಗಳ ಅಂಚೇನೋ ಬಾಗಿದೆ, ಆದರೆ ಅದು ಹಾಳೆಯ ಮೇಲೆ ಬರೆದ ಗೆರೆಯಷ್ಟೇ. ಒಂದು ಬಲ್ಕ್‌ಹೆಡ್‌ಗೂ ಇನ್ನೊಂದಕ್ಕೂ ನಡುವೆ ಇರುವುದು ಖಾಲಿ ಜಾಗ. ಹಡಗಿನ ಒಡಲು ಎರಡು ದಿಕ್ಕಿಗೂ ಒಟ್ಟಿಗೆ ಬಾಗುವ ವಸ್ತು: ಮೂತಿಯಿಂದ ಹಿಂಬದಿಗೆ ಒಂದು ಬಾಗು, ಅಟ್ಟದಿಂದ, ಅಂದರೆ ಡೆಕ್ಕಿನಿಂದ, ತಳಕ್ಕೆ ಇನ್ನೊಂದು. ಅಂಥ ಬಾಗನ್ನು ಯಾವ ಕಂಪನಿಯೂ ಪೆಟ್ಟಿಗೆಯಲ್ಲಿ ಹಾಕಿ ಕಳುಹಿಸುವುದಿಲ್ಲ. ಮಾವನಿಗೆ ಕೊಡಬೇಕಾಗಿದ್ದ ಉತ್ತರ ಇಲ್ಲಿಂದ ಶುರುವಾಗುತ್ತದೆ ಎಂದು ನನಗೆ ಈಗ ಅನ್ನಿಸುತ್ತಿದೆ.

ಅಂಚು ಸವೆಸುವುದು

ಬಲ್ಕ್‌ಹೆಡ್‌ಗಳನ್ನು ನಡುಪಟ್ಟಿಗೆ ಅಂಟಿಸಿದ ಮೇಲೆ ಹಲಗೆ ಹೊದಿಸುವ ಮೊದಲು ಮಾಡಬೇಕಾದ ಒಂದು ಕೆಲಸವಿದೆ. ನಾನು ನೋಡಿದ ಹೆಚ್ಚಿನ ಪುಸ್ತಿಕೆಗಳಲ್ಲಿ ಅದಕ್ಕೆ ಎರಡು ಸಾಲು ಸಿಕ್ಕರೆ ಹೆಚ್ಚು. ಲೇಸರ್ ಮರವನ್ನು ನೆಟ್ಟಗೆ ಕತ್ತರಿಸುತ್ತದೆ. ಹಾಗಾಗಿ ಬಲ್ಕ್‌ಹೆಡ್‌ನ ಅಂಚು ಅದರ ಮುಖಕ್ಕೆ ಸರಿಯಾಗಿ ತೊಂಬತ್ತು ಡಿಗ್ರಿಯಲ್ಲಿರುತ್ತದೆ. ಹಡಗಿನ ನಟ್ಟನಡುವೆ ಅದು ಸರಿ, ಅಲ್ಲಿ ಒಡಲಿನ ಬದಿ ಹೆಚ್ಚುಕಡಿಮೆ ನೇರವಾಗಿಯೇ ಸಾಗುತ್ತದೆ. ಮೂತಿಯ ಕಡೆಗೆ ಹೋದಂತೆ ಒಡಲು ಒಳಕ್ಕೆ ತಿರುಗುತ್ತದೆ, ಹಲಗೆ ಅಂಚಿನ ಒಂದು ಮೂಲೆಯನ್ನು ಮಾತ್ರ ಮುಟ್ಟುತ್ತದೆ. ಆ ಮೂಲೆಯನ್ನು ಓರೆಯಾಗಿ ಸವೆಸಿ ಹಲಗೆ ಅಂಚಿನ ಇಡೀ ಅಗಲಕ್ಕೆ ಕೂರುವ ಹಾಗೆ ಮಾಡಬೇಕು. ಯಾವ ಬಲ್ಕ್‌ಹೆಡ್‌ಗೆ ಎಷ್ಟು ಓರೆ ಎಂದು ನಕ್ಷೆ ಹೇಳುವುದಿಲ್ಲ. ಒಂದೇ ಬಲ್ಕ್‌ಹೆಡ್‌ನಲ್ಲಿ ಮೇಲೆ ಒಂದು ಓರೆ, ಕೆಳಗೆ ತಳದ ಹತ್ತಿರ ಬೇರೊಂದು ಓರೆ ಇರುತ್ತದೆ.

ಇದಕ್ಕೆ ಬೇಕಾಗುವ ಸಲಕರಣೆ ಬಹಳ ಕಡಿಮೆ. ಮೂರು ನಾಲ್ಕು ಬಲ್ಕ್‌ಹೆಡ್‌ಗಳ ಮೇಲೆ ಒಟ್ಟಿಗೆ ಆಡುವಷ್ಟು ಉದ್ದದ, ಸ್ವಲ್ಪ ಬಳುಕುವ ಕೋಲಿಗೆ ಸ್ಯಾಂಡ್‌ಪೇಪರ್ ಅಂಟಿಸಿಕೊಂಡರೆ ಸಾಕು. ಲೇಸರ್ ಸುಟ್ಟ ಅಂಚು ಕಪ್ಪಾಗಿರುತ್ತದೆ. ಸವೆಸಿದ ಕಡೆ ಕಪ್ಪು ಹೋಗಿ ಮರದ ಬಿಳಿ ಕಾಣುತ್ತದೆ. ಮೂತಿಯ ಕಡೆಯ ಬಲ್ಕ್‌ಹೆಡ್‌ಗಳಲ್ಲಿ ಮುಂದಿನ ಮೂಲೆ ಸವೆಯಬೇಕು, ಹಿಂದಿನ ಮೂಲೆಯ ಉದ್ದಕ್ಕೂ ಕೂದಲಿನಷ್ಟು ತೆಳುವಾದ ಕಪ್ಪು ಗೆರೆ ಉಳಿಯಬೇಕು. ಆ ಗೆರೆ ಉಳಿದಿದ್ದರೆ ನಕ್ಷೆಯ ಅಳತೆ ಉಳಿದಿದೆ ಎಂದರ್ಥ. ಹಿಂಬದಿಯಲ್ಲಿ ಇದು ತಿರುವುಮುರುವು. ಆಗಾಗ ಒಂದು ತೆಳುವಾದ ಪಟ್ಟಿಯನ್ನು ಮೂತಿಯಿಂದ ಹಿಂಬದಿಯವರೆಗೆ ಒತ್ತಿ ಹಿಡಿದು, ಎಲ್ಲಿ ಅದು ಅಂಚಿನಿಂದ ಎದ್ದು ನಿಲ್ಲುತ್ತದೆ, ಎಲ್ಲಿ ಉಬ್ಬುತ್ತದೆ ಎಂದು ನೋಡಬೇಕು. 1:64 ಅಳತೆಯಲ್ಲಿ ಒಂದು ಮಿಲಿಮೀಟರ್ ಹೆಚ್ಚು ಸವೆದರೆ ನಿಜವಾದ ಹಡಗಿನಲ್ಲಿ ಅದು ಆರು ಸೆಂಟಿಮೀಟರ್‌ಗೂ ಹೆಚ್ಚಿನ ತಗ್ಗು. ಈ ಕೆಲಸವನ್ನು ಬೇಸರದ್ದೆಂದು ಹೇಳುವವರು ಬಹಳ ಮಂದಿ ಇದ್ದಾರೆ. ಇಡೀ ಹವ್ಯಾಸದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ, ಏಕೆಂದರೆ ತುಂಡುಗಳ ಸಾಲು ಹಡಗಿನ ಆಕಾರ ಪಡೆಯುವುದು ಇಲ್ಲಿಯೇ.

ಪಟ್ಟಿಯನ್ನು ಹೀಗೆ ಒತ್ತಿ ನೋಡುವುದನ್ನು ಯಾವುದೇ ಪುಸ್ತಿಕೆ ಓದುವುದಕ್ಕೆ ಎಷ್ಟೋ ವರ್ಷ ಮೊದಲು ನಾನು ಗಂಗೊಳ್ಳಿಯಲ್ಲಿ ಕಂಡಿದ್ದೆ. ಪಂಚಗಂಗಾವಳಿಯ ದಡದಲ್ಲಿ, ತೆಂಗಿನ ಗರಿಯ ಚಪ್ಪರದ ಕೆಳಗೆ ಒಂದು ದೊಡ್ಡ ಮೀನುಗಾರಿಕೆ ದೋಣಿಯನ್ನು ಕಟ್ಟುತ್ತಿದ್ದರು. ಶಾಲೆಯ ರಜೆಯಲ್ಲಿ ಅಜ್ಜಿಮನೆಗೆ ಹೋದಾಗ ಅಲ್ಲಿ ಹೋಗಿ ನಿಂತು ನೋಡುವುದು ನನ್ನ ನಿತ್ಯದ ಕೆಲಸವಾಗಿತ್ತು. ಹಲಗೆ ಬೀಳದ ದೋಣಿಯ ಪಕ್ಕೆಲುಬುಗಳು ಎರಡಾಳೆತ್ತರಕ್ಕೆ ಎದ್ದು ನಿಂತಿದ್ದವು. ಒಳಗೆ ಹೋಗಿ ನಿಂತರೆ ಅವುಗಳ ನಡುವಿನಿಂದ ಹೊಳೆಯ ನೀರು ಕಾಣುತ್ತಿತ್ತು. ಹಿರಿಯ ಮೇಸ್ತ್ರಿಯೊಬ್ಬರು ಒಂದು ಉದ್ದನೆಯ ರೀಪನ್ನು ಇಬ್ಬರಿಂದ ಎರಡು ತುದಿಯಲ್ಲಿ ಹಿಡಿಸಿ, ಪಕ್ಕೆಲುಬುಗಳ ಹೊರಮೈಗೆ ಒತ್ತಿಸಿ, ತಾವು ಹತ್ತು ಹೆಜ್ಜೆ ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಅನಂತರ ಹತ್ತಿರ ಬಂದು ಒಂದು ಪಕ್ಕೆಲುಬಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುವರು. ಕೆಲಸದವನು ಅಲ್ಲಿ ಬಾಚಿಯಿಂದ ಒಂದು ಸೀಳು ಕೆತ್ತುವನು. ಮತ್ತೆ ರೀಪು, ಮತ್ತೆ ಹಿಂದೆ ಸರಿದು ನೋಡುವುದು. ಅವರ ಕೈಯಲ್ಲಿ ಕಾಗದವಿರಲಿಲ್ಲ. ನಾನು ಬಾಯಿ ಬಿಟ್ಟು ನೋಡುತ್ತಿದ್ದುದನ್ನು ಕಂಡು ನನ್ನನ್ನು ಕರೆದು, ರೀಪಿಗೂ ಮರಕ್ಕೂ ನಡುವಿನ ಸಂದನ್ನು ತೋರಿಸಿ, 'ಕೈ ಇಟ್ಟ್ ಕಾಣ್ ಮಾಣಿ' ಎಂದರು. ಬೆರಳ ತುದಿ ಆ ಸಂದಿನೊಳಗೆ ಹೋಯಿತು. ಅವರು ಗುರುತು ಹಾಕಿದ ಪಕ್ಕದ ಮರವನ್ನು ಕೆತ್ತಿದ ಮೇಲೆ ಮತ್ತೆ ಕೈ ಇಡಿಸಿದರು; ಈ ಸಲ ಉಗುರೂ ಹೋಗಲಿಲ್ಲ. ಸಂದು ಇದ್ದ ಜಾಗದಲ್ಲಿ ಕೆತ್ತದೆ ಅದರ ಪಕ್ಕದಲ್ಲಿ ಕೆತ್ತಿದ್ದು ಏಕೆ ಎಂಬುದು ನನಗೆ ಅಂದು ತಿಳಿಯಲಿಲ್ಲ. ಪಕ್ಕದ ಪಕ್ಕೆಲುಬು ಉಬ್ಬಿಕೊಂಡು ರೀಪನ್ನು ಎತ್ತಿ ಹಿಡಿದಿತ್ತು ಎಂಬುದು ಅರ್ಥವಾದದ್ದು ನನ್ನದೇ ಮೇಜಿನ ಮೇಲೆ, ಅಂಗೈ ಉದ್ದದ ಬಲ್ಕ್‌ಹೆಡ್‌ಗಳ ನಡುವೆ.

ಹಲಗೆ ತಾನು ಹೋಗುವ ದಾರಿ

ಹೊರಗಿನವರಿಗೆ ಹಲಗೆ ಹೊದಿಸುವುದೆಂದರೆ ಪಟ್ಟಿಗಳನ್ನು ಒಂದರ ಪಕ್ಕ ಒಂದು ಅಂಟಿಸುತ್ತಾ ಹೋಗುವುದು. ಹಾಗೆ ಮಾಡಿದರೆ ನಾಲ್ಕನೆಯದೋ ಐದನೆಯದೋ ಪಟ್ಟಿಗೆ ಕೆಲಸ ನಿಂತುಹೋಗುತ್ತದೆ. ಹಡಗಿನ ನಡುವೆ ಅಟ್ಟದಿಂದ ತಳದವರೆಗಿನ ಸುತ್ತಳತೆ ಹೆಚ್ಚು, ಮೂತಿಯಲ್ಲಿ ಬಹಳ ಕಡಿಮೆ. ನಡುವಿನಲ್ಲಿ ಎಷ್ಟು ಹಲಗೆಗಳಿವೆಯೋ ಅಷ್ಟೂ ಮೂತಿಯ ಆ ಕಡಿಮೆ ಜಾಗದಲ್ಲಿ ಬಂದು ಮುಗಿಯಬೇಕು, ಅಂದರೆ ಪ್ರತಿ ಹಲಗೆಯೂ ಮುಂದಕ್ಕೆ ಹೋದಂತೆ ಕಿರಿದಾಗಬೇಕು. ಪ್ರತಿ ಬಲ್ಕ್‌ಹೆಡ್‌ಗೂ ಕಾಗದದ ಪಟ್ಟಿಯೊಂದನ್ನು ಸುತ್ತಿ, ಉದ್ದ ಗುರುತು ಮಾಡಿ, ಹಲಗೆಗಳ ಸಂಖ್ಯೆಯಿಂದ ಭಾಗಿಸಿ, ಆ ಅಗಲವನ್ನು ಪೆನ್ಸಿಲಿನಲ್ಲಿ ಅಂಚಿನ ಮೇಲೆ ಬರೆದುಕೊಳ್ಳಬೇಕು. ಹಳೆಯ ಹಡಗು ಬಡಗಿಗಳ ನಿಯಮವೊಂದನ್ನು ನಾವೂ ಪಾಲಿಸುತ್ತೇವೆ: ಹಲಗೆಯನ್ನು ಅದರ ಅರ್ಧ ಅಗಲಕ್ಕಿಂತ ಕಿರಿದು ಮಾಡಬಾರದು. ಅಷ್ಟಕ್ಕಿಂತ ಕಡಿಮೆ ಜಾಗವಿದ್ದರೆ ಎರಡು ಹಲಗೆಗಳನ್ನು ಅಲ್ಲಿಗೇ ನಿಲ್ಲಿಸಿ ಮುಂದೆ ಒಂದೇ ಹಲಗೆಯನ್ನು ಸಾಗಿಸಬೇಕು. ಹಿಂಬದಿಯಲ್ಲಿ ಸುತ್ತಳತೆ ಅಗಲವಾದಾಗ ಅದಕ್ಕೆ ವಿರುದ್ಧವಾದ ತೊಂದರೆ. ಅಲ್ಲಿ ಚೂಪಾದ ತುಂಡುಗಳನ್ನು ನಡುವೆ ಸೇರಿಸಿ ಜಾಗ ತುಂಬಬೇಕು.

ಇನ್ನು ಮರದ ಸ್ವಭಾವ. ತೆಳುವಾದ ಪಟ್ಟಿ ತನ್ನ ದಪ್ಪದ ಕಡೆಗೆ ಸುಲಭವಾಗಿ ಬಾಗುತ್ತದೆ, ಅಗಲದ ಕಡೆಗೆ ಬಾಗಲು ಒಪ್ಪುವುದಿಲ್ಲ. ಒತ್ತಾಯ ಮಾಡಿದರೆ ಒಂದು ಅಂಚು ಮೇಲೆದ್ದು ನಿಲ್ಲುತ್ತದೆ. ಅಂಟು ಅದನ್ನು ಹಿಡಿದಿಟ್ಟರೂ ತಿಂಗಳು ಕಳೆದ ಮೇಲೆ ಸೀಳು ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಪಟ್ಟಿಯನ್ನು ಬಿಸಿನೀರಿನಲ್ಲಿ ನೆನೆಸಿ, ಮೂತಿಯ ಬಾಗಿಗೆ ಒಗ್ಗಿಸಿ, ಕ್ಲಿಪ್ ಹಾಕಿ ಇಡೀ ರಾತ್ರಿ ಬಿಡುತ್ತೇನೆ. ಬೆಳಿಗ್ಗೆ ಒಣಗಿದ ಮೇಲೆ ಅದು ತಾನಾಗಿಯೇ ಆ ಆಕಾರದಲ್ಲಿ ನಿಂತಿರುತ್ತದೆ, ಆಮೇಲೆ ಅಂಟು. ನೆನೆದ ಪಟ್ಟಿ ಸ್ವಲ್ಪ ಉಬ್ಬಿರುತ್ತದೆ, ಒಣಗುವ ಮೊದಲೇ ಅಂಟಿಸಿದರೆ ಆಮೇಲೆ ಕುಗ್ಗಿ ಸಂದು ಬಿಡುತ್ತದೆ. ಮೂತಿಯ ತಳಭಾಗದಲ್ಲಿ, ಕೀಲ್‌ನ (ಹಡಗಿನ ತಳದ ಉದ್ದಕ್ಕೂ ಹೋಗುವ ತೊಲೆಯ) ಪಕ್ಕದ ಮೊದಲ ಹಲಗೆಯ ಜಾಗದಲ್ಲಿ, ಯಾವ ನೆನೆಸುವಿಕೆಯೂ ಸಾಲುವುದಿಲ್ಲ. ಅಲ್ಲಿಗೆ ಅಗಲವಾದ ಹಾಳೆಯಿಂದ ಬಾಗಿದ ಹಲಗೆಯನ್ನೇ ಕತ್ತರಿಸಿ ತೆಗೆಯುತ್ತೇನೆ. ನಿಜವಾದ ಹಡಗು ಕಟ್ಟುವವರು ಮಾಡುತ್ತಿದ್ದುದೂ ಅದನ್ನೇ: ಅವರ ಹಲಗೆ ನೇರವಾದ ಪಟ್ಟಿಯಾಗಿರಲಿಲ್ಲ, ಅಗಲದ ದಿಮ್ಮಿಯಿಂದ ಬೇಕಾದ ಬಾಗಿಗೆ ಕೊಯ್ದದ್ದು. ಕಿಟ್‌ನವರು ನೇರವಾದ ಪಟ್ಟಿಗಳನ್ನು ಕೊಡುವುದು ಅಗ್ಗವೆಂಬ ಕಾರಣಕ್ಕೆ. ಇಲ್ಲಿ ಕಿಟ್ ಅನ್ನು ಬಿಟ್ಟು ಹಡಗನ್ನು ಅನುಸರಿಸುವುದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಷ್ಟೆಲ್ಲ ಮಾಡಿದ ಹಲಗೆಯ ಸಾಲು ಬ್ಲೂನೋಸ್‌ನಲ್ಲಿ ಕಾಣುವುದೇ ಇಲ್ಲ. ನೀರಿನ ಮಟ್ಟದ ಮೇಲೆ ಅದರ ಒಡಲು ಕಪ್ಪು, ಕೆಳಗೆ ಕೆಂಪು. ಕಾಣದ ಕೆಲಸಕ್ಕೆ ಇಷ್ಟು ಶ್ರಮವೇಕೆ ಎಂದು ನನ್ನ ಮಗಳು ಕೇಳಿದ್ದುಂಟು. ಬಣ್ಣ ಮುಚ್ಚುವುದು ಸಂದುಗಳನ್ನು ಮಾತ್ರ. ಬಾಗಿನಲ್ಲಿರುವ ತಗ್ಗು ಉಬ್ಬುಗಳನ್ನು, ಅದರಲ್ಲೂ ಕಪ್ಪು ಬಣ್ಣದಲ್ಲಿ, ಅದು ಇನ್ನಷ್ಟು ಎತ್ತಿ ತೋರಿಸುತ್ತದೆ. ಸಂಜೆಯ ಓರೆ ಬೆಳಕು ಒಡಲಿನ ಮೇಲೆ ಬಿದ್ದಾಗ ಆ ಬೆಳಕಿನ ಗೆರೆ ಮೂತಿಯಿಂದ ಹಿಂಬದಿಯವರೆಗೆ ಎಲ್ಲಿಯೂ ಮುರಿಯದೆ ಹರಿದರೆ ಬಲ್ಕ್‌ಹೆಡ್‌ಗಳ ಅಂಚು ಸರಿಯಾಗಿ ಸವೆದಿದೆ ಎಂದು ತಿಳಿಯಬಹುದು. ಇದೇ ಕಿಟ್‌ನಿಂದ ಇಬ್ಬರು ಮಾಡಿದ ಎರಡು ಬ್ಲೂನೋಸ್‌ಗಳನ್ನು ಒಂದು ಪ್ರದರ್ಶನದಲ್ಲಿ ಅಕ್ಕಪಕ್ಕ ನೋಡಿದ್ದೇನೆ. ತುಂಡುಗಳು ಅವೇ, ನಕ್ಷೆ ಅದೇ. ಒಂದರ ಮೂತಿ ನೀರನ್ನು ಸೀಳಿಕೊಂಡು ಹೋಗುವಂತಿತ್ತು, ಇನ್ನೊಂದರದು ಭಾರವಾಗಿ ಕೆಳಗೆ ಜಗ್ಗುವಂತೆ ಕಾಣುತ್ತಿತ್ತು. ಎರಡನ್ನೂ ಅಳೆದರೆ ವ್ಯತ್ಯಾಸ ಒಂದೆರಡು ಮಿಲಿಮೀಟರ್‌ಗಿಂತ ಹೆಚ್ಚಿರಲಾರದು.

ಹಗ್ಗಗಳ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೋಡುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ, ಆದರೆ ಅದು ತಾಳ್ಮೆಯಿಂದ ಕಲಿಯಬಹುದಾದ ಕೆಲಸ. ಹಾಯಿಕಂಬಗಳನ್ನು ಹಿಡಿದು ನಿಲ್ಲಿಸುವ ಹಗ್ಗಗಳಿಗೆ ಟಾರು ಬಳಿಯುತ್ತಿದ್ದರಿಂದ ಅವುಗಳಿಗೆ ಕಪ್ಪು ದಾರ, ಹಾಯಿಗಳನ್ನು ಏರಿಸಿ ಇಳಿಸುವ ಹಗ್ಗಗಳಿಗೆ ತೆಳು ಕಂದು ದಾರ. ದಾರಕ್ಕೆ ಜೇನುಮೇಣ ಸವರಿದರೆ ನಾರು ಏಳುವುದಿಲ್ಲ. ಗಂಟು ಬಿಗಿಯುವಾಗ ಎಡಗಡೆಯದನ್ನೂ ಬಲಗಡೆಯದನ್ನೂ ಜೊತೆಜೊತೆಯಾಗಿ ಬಿಗಿಯದಿದ್ದರೆ ಕಂಬ ವಾಲುತ್ತದೆ.

ಬೇರೆಯವರ ನಕ್ಷೆ, ನಮ್ಮ ಕಡೆಯ ಮರ

ನಕ್ಷೆ ಅವರದ್ದೇ ಎಂಬ ಮಾತಿಗೆ ಉತ್ತರ ಹೊಳೆದದ್ದು ಹಾರ್ಟ್ಲ್‌ಪೂಲ್‌ನಲ್ಲಿ. ನಮ್ಮ ಮನೆಯಿಂದ ರೈಲಿನಲ್ಲಿ ಹೆಚ್ಚು ದೂರವಿಲ್ಲದ ಆ ಬಂದರಿನಲ್ಲಿ ಟ್ರಿಂಕೋಮಲಿ ಎಂಬ ಫ್ರಿಗೇಟ್ ನಿಂತಿದೆ. ಬ್ರಿಟನ್ನಿನಲ್ಲಿ ಇಂದಿಗೂ ನೀರಿನ ಮೇಲೆ ತೇಲುತ್ತಿರುವ ಅತ್ಯಂತ ಹಳೆಯ ಯುದ್ಧನೌಕೆ ಅದು. ಕಟ್ಟಿದ್ದು ಬೊಂಬಾಯಿಯಲ್ಲಿ, ಮಲಬಾರಿನ ತೇಗದಿಂದ, ಪಾರ್ಸಿ ಹಡಗು ನಿರ್ಮಾಪಕ ಜಮ್ಶೆಡ್‌ಜೀ ಬೊಮನ್‌ಜೀ ವಾಡಿಯಾ ಅವರ ಕೈಕೆಳಗೆ. ನೀರಿಗಿಳಿದದ್ದು 1817ರ ಅಕ್ಟೋಬರ್ 12ರಂದು. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಇಂಗ್ಲೆಂಡಿನ ಓಕ್ ಮರ ಸಾಲದೆ ಹೋದಾಗ ಬ್ರಿಟಿಷ್ ನೌಕಾಪಡೆ ಬೊಂಬಾಯಿಯ ಕಡೆ ತಿರುಗಿತ್ತು.

ಮೊದಲ ಸಲ ಹೋದಾಗ ಮಳೆ ಬರುತ್ತಿತ್ತು, ಹಡಗಿನಲ್ಲಿ ಜನ ಕಡಿಮೆ ಇದ್ದರು. ಕೆಳ ಅಟ್ಟದಲ್ಲಿ ತಲೆ ಬಗ್ಗಿಸಿಕೊಂಡು ನಡೆಯುತ್ತಾ ಒಂದು ತೊಲೆಯ ಮೇಲೆ ಕೈ ಇಟ್ಟು ಬಹಳ ಹೊತ್ತು ನಿಂತೆ. ಬಾಚಿಯ ಏಟುಗಳ ಸಣ್ಣ ತಗ್ಗುಗಳು ಕೈಗೆ ಸಿಗುತ್ತಿದ್ದವು. ಬೊಂಬಾಯಿಯ ಯಾವನೋ ಬಡಗಿ ಆ ತೊಲೆಯ ಓರೆಯನ್ನು ನೋಡಿ ನೋಡಿ ಕೆತ್ತಿದ್ದಿರಬೇಕು ಎಂದುಕೊಂಡೆ. ಆ ಮರ ಇಷ್ಟು ಕಾಲ ಉಳಿದುದಕ್ಕೆ ಕಾರಣವೂ ಇದೆ: ಓಕ್‌ನಲ್ಲಿರುವ ಟ್ಯಾನಿಕ್ ಆಮ್ಲ ಕಬ್ಬಿಣದ ಮೊಳೆಗಳನ್ನು ತಿಂದುಹಾಕುತ್ತದೆ, ತೇಗದ ಎಣ್ಣೆಯಂಶ ಅವನ್ನು ಕಾಪಾಡುತ್ತದೆ.

ಹಡಗಿನ ನಕ್ಷೆ ಬೊಂಬಾಯಿಯದಲ್ಲ. ಲಂಡನ್ನಿನಿಂದ ಬಂದದ್ದು. ಮೊದಲು ಕಳುಹಿಸಿದ ನಕ್ಷೆ ಜಾವಾ ಎಂಬ ಹಡಗಿನಲ್ಲಿ ಬರುತ್ತಿತ್ತು. 1812ರ ಡಿಸೆಂಬರ್ 29ರಂದು ಬ್ರೆಜಿಲ್ ಕರಾವಳಿಯ ಆಚೆ ಅಮೆರಿಕದ ಕಾನ್‌ಸ್ಟಿಟ್ಯೂಷನ್ ಹಡಗು ಜಾವಾವನ್ನು ಸೋಲಿಸಿತು, ನಕ್ಷೆಯೂ ಹೋಯಿತು. ಇನ್ನೊಂದು ಪ್ರತಿಯನ್ನು ಕಳುಹಿಸಬೇಕಾಯಿತು, ಕೆಲಸ ಶುರುವಾಗಲು 1816 ಬಂತು. ಇನ್ನೂ ಹಿಂದಕ್ಕೆ ಹೋದರೆ ಆ ನಕ್ಷೆ ಲಂಡನ್ನಿನದೂ ಅಲ್ಲ. ಟ್ರಿಂಕೋಮಲಿ ಸೇರಿದ ಲೀಡಾ ವರ್ಗದ ಹಡಗುಗಳ ಆಕಾರವನ್ನು ಬ್ರಿಟಿಷರು 1782ರಲ್ಲಿ ಸೆರೆಹಿಡಿದ ಎಬೆ ಎಂಬ ಫ್ರೆಂಚ್ ಫ್ರಿಗೇಟ್‌ನಿಂದ ತೆಗೆದುಕೊಂಡಿದ್ದರು. ಎಬೆಯನ್ನು ವಿನ್ಯಾಸ ಮಾಡಿದವನು ಜಾಕ್-ನೊಯೆಲ್ ಸಾನೆ. ಅಂದರೆ ಫ್ರಾನ್ಸಿನವನು ಎಳೆದ ಬಾಗು, ಇಂಗ್ಲೆಂಡಿನವರು ಮಾಡಿದ ಪ್ರತಿ, ಮಲಬಾರಿನ ಕಾಡಿನ ಮರ, ಬೊಂಬಾಯಿಯ ಪಾರ್ಸಿ ಯಜಮಾನ ಮತ್ತು ಅವರ ಕೈಕೆಳಗಿನ ನೂರಾರು ಬಡಗಿಗಳು. ಇದೇ ನಕ್ಷೆಯಿಂದ ಹತ್ತಾರು ಹಡಗುಗಳು ಹುಟ್ಟಿದವು. ಅವುಗಳಲ್ಲಿ ಯೂನಿಕಾರ್ನ್ ಎಂಬ ಇನ್ನೊಂದು ಸ್ಕಾಟ್ಲೆಂಡಿನ ಡಂಡೀಯಲ್ಲಿ ಉಳಿದಿದೆ. ವಾಡಿಯಾ ಬೇರೆಯವರ ನಕ್ಷೆಯಿಂದ ಕಟ್ಟಿದರು, ಆದ್ದರಿಂದ ಟ್ರಿಂಕೋಮಲಿ ಅವರದ್ದಲ್ಲ ಎಂದು ಇದುವರೆಗೆ ಯಾರೂ ಹೇಳಿದ್ದು ನನಗೆ ಗೊತ್ತಿಲ್ಲ. ಹಡಗಿನ ಕೆಲಸ ಆರಂಭಿಸುವಾಗ ಅವರು ತಮ್ಮ ಸಂಪ್ರದಾಯದಂತೆ ಕೀಲ್‌ಗೆ ಬೆಳ್ಳಿಯ ಮೊಳೆ ಹೊಡೆದರು. ಆ ಹಡಗಿನ ಕಥೆ ಹೇಳುವವರು ಇಂದಿಗೂ ಅದನ್ನು ಬಿಡದೆ ಹೇಳುತ್ತಾರೆ.

ನನ್ನ ಮೇಜಿನ ಮೇಲಿನ ಕೆಲಸವನ್ನು ವಾಡಿಯಾ ಅವರ ಕೆಲಸದ ಪಕ್ಕ ಇಡುವಷ್ಟು ಧೈರ್ಯ ನನಗಿಲ್ಲ. ಆದರೆ ಹಡಗು ಕಟ್ಟುವ ಕಸುಬಿನಲ್ಲಿ ಗೆರೆ ಎಳೆಯುವವನು ಒಬ್ಬ, ಮರಕ್ಕೆ ಆ ಗೆರೆಯನ್ನು ತರುವವನು ಇನ್ನೊಬ್ಬ ಎಂಬುದು ಶತಮಾನಗಳಿಂದ ನಡೆದುಬಂದ ರೀತಿ. ಕಿಟ್ ಎಂಬುದು ಆ ರೀತಿಯ ಒಂದು ಸಣ್ಣ ರೂಪ ಎಂದು ತಿಳಿದ ಮೇಲೆ 'ಕಿಟ್‌ನಿಂದ ಮಾಡಿದ್ದು' ಎಂದು ಹೇಳಲು ನಾನು ಹಿಂಜರಿಯುವುದಿಲ್ಲ.

ಇಲ್ಲೊಂದು ಸಣ್ಣ ವಿಷಯವನ್ನು ಹೇಳಿ ಮುಂದೆ ಹೋಗುತ್ತೇನೆ. ಟ್ರಿಂಕೋಮಲಿಯ ಮಾದರಿ ಮಾಡುವವನು ತೇಗವನ್ನೇ ಬಳಸಬೇಕು ಎಂದು ಯಾರಿಗಾದರೂ ಅನ್ನಿಸಬಹುದು; ನನಗೂ ಅನ್ನಿಸಿ ಹಳೆಯ ಬಾಗಿಲ ಚೌಕಟ್ಟಿನ ಒಂದು ತುಂಡಿನಿಂದ ಪಟ್ಟಿ ಸೀಳಿ ನೋಡಿದೆ. ತೇಗದ ಎಳೆ ಒರಟು. ಹಡಗು ಅರುವತ್ತನಾಲ್ಕು ಪಟ್ಟು ಚಿಕ್ಕದಾದರೂ ಮರದ ಎಳೆ ಚಿಕ್ಕದಾಗುವುದಿಲ್ಲ. ಅರ್ಧ ಮಿಲಿಮೀಟರ್‌ನ ಒಂದು ಗೆರೆ ಆ ಅಳತೆಯಲ್ಲಿ ಮೂರು ಸೆಂಟಿಮೀಟರ್ ಅಗಲದ ಸೀಳಾಗಿ ಕಾಣುತ್ತದೆ. ಹದಿನೇಳನೆಯ ಶತಮಾನದಿಂದ ಬ್ರಿಟಿಷ್ ನೌಕಾಮಂಡಳಿಗಾಗಿ 1:48 ಅಳತೆಯಲ್ಲಿ ಮಾದರಿಗಳನ್ನು ಮಾಡುತ್ತಿದ್ದ ಕುಶಲಿಗಳು ಓಕ್ ಹಡಗಿಗೆ ಓಕ್ ಬಳಸದೆ ಪೇರ್ ಮತ್ತು ಬಾಕ್ಸ್‌ವುಡ್ ಬಳಸಿದ್ದು ಇದೇ ಕಾರಣಕ್ಕೆ. ಅವರು ಒಡಲಿನ ಕೆಳಭಾಗಕ್ಕೆ ಹಲಗೆಯನ್ನೇ ಹೊದಿಸದೆ ಪಕ್ಕೆಲುಬುಗಳು ಕಾಣುವಂತೆ ಬಿಡುತ್ತಿದ್ದರು. ಅಂಥದೊಂದನ್ನು ಗಾಜಿನ ಪೆಟ್ಟಿಗೆಯಲ್ಲಿ ನೋಡಿದಾಗ ನನಗೆ ನೆನಪಾದದ್ದು ಗಂಗೊಳ್ಳಿಯ ಚಪ್ಪರ.

ನಕ್ಷೆ ಇಲ್ಲದ ದೋಣಿಗಳು

ಕಿಟ್‌ಗಳ ಪಟ್ಟಿ ನೋಡುತ್ತಾ ಹೋದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಇಟಲಿ, ಸ್ಪೇನ್, ಡೆನ್ಮಾರ್ಕ್, ಅಮೆರಿಕ, ಬ್ರಿಟನ್ನಿನ ಕಂಪನಿಗಳು ಮಾಡುವ ಕಿಟ್‌ಗಳಲ್ಲಿ ಹೆಚ್ಚಿನವು ಯುರೋಪ್ ಮತ್ತು ಅಮೆರಿಕದ ಹಡಗುಗಳದೇ. ನಮ್ಮ ಕರಾವಳಿಯ ಪತ್ತೆಮಾರಿ ಎಂಬ ಹಾಯಿಹಡಗನ್ನು, ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ ಒಯ್ಯುವ ಮಂಜಿಯನ್ನು, ಗಂಗೊಳ್ಳಿ ಮಲ್ಪೆಗಳ ಮರದ ಮೀನುಗಾರಿಕೆ ದೋಣಿಯನ್ನು ಮಾಡಬೇಕೆಂದು ಬಯಸುವವನಿಗೆ ಅಂಥ ಪೆಟ್ಟಿಗೆ ಸಿಗುವುದು ದುರ್ಲಭ. ಇದಕ್ಕೆ ಮಾರುಕಟ್ಟೆಯ ಕಾರಣವಿದೆ, ಆದರೆ ಅದಕ್ಕಿಂತ ದೊಡ್ಡ ಕಾರಣ ಗೆರೆಗಳು. ಬ್ಲೂನೋಸ್‌ಗೆ ವಿಲಿಯಂ ರೂಯೆ ಎಳೆದ ನಕ್ಷೆಯಿದೆ. ಬ್ರಿಟಿಷ್ ನೌಕಾಪಡೆಯ ಹಡಗುಗಳ ನಕ್ಷೆಗಳು ಸಾವಿರಗಟ್ಟಲೆ ಗ್ರೀನಿಚ್‌ನಲ್ಲಿವೆ. ನಮ್ಮ ಮೇಸ್ತ್ರಿಗಳ ನಕ್ಷೆ ಅವರ ಕಣ್ಣಿನಲ್ಲಿತ್ತು, ರೀಪಿನಲ್ಲಿತ್ತು. ಅದು ಅವರ ಕಸುಬಿನ ಹಿರಿಮೆ. ಅವರು ಇಲ್ಲವಾದ ಮೇಲೆ ನಮಗೆ ಆಗುವ ನಷ್ಟವೂ ಅದೇ. ಕರಾವಳಿಯಲ್ಲಿ ಈಗ ಹೆಚ್ಚಾಗಿ ಉಕ್ಕಿನ ಮತ್ತು ಫೈಬರ್‌ನ ದೋಣಿಗಳು. ಮರದ್ದು ಹಳತಾದರೆ ಒಡೆದು ಸೌದೆಯಾಗುತ್ತದೆ.

ಕಟ್ಟಿದವರು ನಕ್ಷೆ ಬಿಡದಿದ್ದರೂ ನೋಡಿದವರು ಗೆರೆ ಎಳೆದಿಟ್ಟ ಉದಾಹರಣೆಗಳಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ನೌಕಾಧಿಕಾರಿ ಎಡ್ಮಂಡ್ ಪಾರಿ ತಾನು ಹೋದ ದೇಶಗಳ ದೋಣಿಗಳನ್ನೆಲ್ಲ ಅಳೆದು ಚಿತ್ರಿಸಿದ. ಭಾರತದ ಪಶ್ಚಿಮ ಕರಾವಳಿಯ ಪತ್ತೆಮಾರಿಯೂ ಅವುಗಳಲ್ಲಿ ಸೇರಿದೆ. ಅವನ ಚಿತ್ರಗಳ ಆಧಾರದಲ್ಲಿ ಮಾಡಿಸಿದ ಮಾದರಿಗಳು ಪ್ಯಾರಿಸ್ಸಿನ ನೌಕಾ ಸಂಗ್ರಹಾಲಯಕ್ಕೆ ಸೇರಿದವು. ಅಮೆರಿಕದಲ್ಲಿ 1936–37ರಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ, ಕೆಲಸವಿಲ್ಲದ ನಕ್ಷೆಗಾರರನ್ನು ಸರ್ಕಾರವೇ ನೇಮಿಸಿ ನಾಶವಾಗುತ್ತಿದ್ದ ಹಾಯಿಹಡಗು, ದೋಣಿಗಳ ಅಳತೆ ತೆಗೆಸಿತು; ಆ ನಕ್ಷೆಗಳು ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿವೆ.

ನಮ್ಮಲ್ಲಿಯೂ ಇಂಥ ಕೆಲಸ ಅಸಾಧ್ಯವಲ್ಲ ಎಂಬುದಕ್ಕೆ 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿದ ಐಎನ್‌ಎಸ್‌ವಿ ಕೌಂಡಿನ್ಯ ಎಂಬ ಹಾಯಿಹಡಗು ಸಾಕ್ಷಿ. ಅದಕ್ಕೆ ಆಧಾರ ಅಜಂತಾದ ಐದನೆಯ ಶತಮಾನದ ಒಂದು ಭಿತ್ತಿಚಿತ್ರ. ಚಪ್ಪಟೆ ಗೋಡೆಯ ಮೇಲಿನ ಚಿತ್ರದಿಂದ ಒಡಲಿನ ಬಾಗನ್ನು ಊಹಿಸಿ, ಅದು ನೀರಿನಲ್ಲಿ ಹೇಗೆ ವರ್ತಿಸುತ್ತದೆ ಎಂದು ಮದರಾಸಿನ ಐಐಟಿಯ ಸಹಾಯದಿಂದ ಮಾದರಿ ಮಾಡಿ ಪರೀಕ್ಷಿಸಿದರು. ಅನಂತರ ಕೇರಳದ ಬಾಬು ಶಂಕರನ್ ಅವರ ನೇತೃತ್ವದಲ್ಲಿ ಕುಶಲಕರ್ಮಿಗಳು ಗೋವಾದಲ್ಲಿ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಹಡಗನ್ನು ಕಟ್ಟಿದರು. ಸಾವಿರದೈನೂರು ವರ್ಷ ಹಳೆಯ ಚಿತ್ರದಿಂದ ಒಂದು ಹಡಗನ್ನು ಹೊರತರಬಹುದಾದರೆ, ಇನ್ನೂ ದಡದಲ್ಲಿ ಬಿದ್ದಿರುವ ದೋಣಿಗಳಿಂದ ಗೆರೆ ತೆಗೆಯುವುದು ಅದಕ್ಕಿಂತ ಎಷ್ಟೋ ಸುಲಭ.

ಈ ಕೆಲಸಕ್ಕೆ ದೊಡ್ಡ ಸಲಕರಣೆ ಬೇಡ. ದೋಣಿಯ ಪಕ್ಕದಲ್ಲಿ ಉದ್ದಕ್ಕೆ ಒಂದು ದಾರವನ್ನು ರಸಮಟ್ಟ ನೋಡಿ ಬಿಗಿಯಾಗಿ ಕಟ್ಟಬೇಕು. ಪ್ರತಿ ಅರ್ಧ ಮೀಟರ್‌ಗೆ ಗುರುತು ಹಾಕಿ, ಆ ಗುರುತಿನಲ್ಲಿ ಗಾರೆಯವರ ತೂಗುಗುಂಡನ್ನು ಇಳಿಬಿಟ್ಟು, ಗುಂಡಿನ ದಾರದಿಂದ ಒಡಲಿಗೆ ಎಷ್ಟು ದೂರವಿದೆ ಎಂಬುದನ್ನು ನಾಲ್ಕೈದು ಎತ್ತರಗಳಲ್ಲಿ ಅಳೆದು ಬರೆದುಕೊಳ್ಳಬೇಕು. ಆ ಅಂಕಿಗಳಿಂದ ಒಂದೊಂದು ಅಡ್ಡಸೀಳಿನ ಆಕಾರವನ್ನೂ ಎಳೆಯಬಹುದು, ಅಂದರೆ ಕಿಟ್‌ನ ಬಲ್ಕ್‌ಹೆಡ್‌ಗಳು ಸಿಕ್ಕಿದ ಹಾಗೆ. ದೋಣಿಯ ಸುತ್ತ ನಡೆದು ಮೊಬೈಲಿನಲ್ಲಿ ಒಂದರ ಮೇಲೊಂದು ಬರುವಂತೆ ಫೋಟೋಗಳನ್ನು ತೆಗೆದಿಟ್ಟರೆ ಅವುಗಳಿಂದ ಕಂಪ್ಯೂಟರಿನಲ್ಲಿ ಆಕಾರವನ್ನು ಕಟ್ಟುವ ದಾರಿಯೂ ಇದೆ. ಮುಂದಿನ ರಜೆಯಲ್ಲಿ ಗಂಗೊಳ್ಳಿಯ ದಡದಿಂದಲೇ ಇದನ್ನು ಶುರುಮಾಡಬೇಕೆಂದಿದ್ದೇನೆ. ತದಡಿ, ಹೊನ್ನಾವರ, ಭಟ್ಕಳ, ಮಲ್ಪೆ, ಮಂಗಳೂರಿನ ಕಡೆಯ ಓದುಗರು ಮರಳಿನ ಮೇಲೆ ಎಳೆದುಹಾಕಿದ ಹಳೆಯ ಮರದ ದೋಣಿಯನ್ನು ಕಂಡರೆ, ಅದು ಸೌದೆಯಾಗುವ ಮೊದಲು ಇಷ್ಟನ್ನಾದರೂ ಮಾಡಿಡಬೇಕೆಂದು ಕೇಳಿಕೊಳ್ಳುತ್ತೇನೆ. ಕಟ್ಟಿದವರು ಬದುಕಿದ್ದರೆ ಅವರನ್ನು ಹುಡುಕಿ, ಕೀಲ್‌ಗೆ ಯಾವ ಮರ, ಪಕ್ಕೆಲುಬಿಗೆ ಯಾವ ಮರ, ಮೂತಿಯ ಬಾಗಿದ ತುಂಡನ್ನು ಮರದ ಯಾವ ಭಾಗದಿಂದ ತೆಗೆದರು ಎಂದು ಕೇಳಿ ಬರೆದುಕೊಳ್ಳಬೇಕು. ಅದನ್ನು ಅಳತೆಯಿಂದಾಗಲಿ ಫೋಟೋದಿಂದಾಗಲಿ ತಿಳಿಯಲು ಬರುವುದಿಲ್ಲ.